ಛಾಯಾಗ್ರಹಣವೂ ಪರರ ಏಕಾಂತವೂ

‘ಪಟ ತೆಗೆದನು’, ‘ಪಟ ತೆಗೆಸಿಕೊಂಡನು’ ಎಂಬ ಎರಡು ವಾಕ್ಯಗಳೂ ಕನ್ನಡಿಗರ ನಿತ್ಯವ್ಯವಹಾರದಲ್ಲಿವೆ. ಮೊದಲನೆಯದರಲ್ಲಿ ಕರ್ತೃವು ಯಂತ್ರವನ್ನು ಹಿಡಿದವನು. ಎರಡನೆಯದರಲ್ಲಿ ಯಂತ್ರದ ಎದುರಿಗೆ ನಿಂತವನು. ‘ತೆಗೆ’ ಎಂಬ ಧಾತುವಿಗೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವು ಸೇರಿ, ಅದರ ಮೇಲೆ ‘ಕೊಳ್’ ಎಂಬ ಸಹಾಯಕ ಧಾತುವು ಬಂದೊಡನೆ ಎದುರಿಗೆ ನಿಂತವನ ಇಚ್ಛೆಯೂ ಪ್ರಯೋಜನವೂ ಆ ಕ್ರಿಯೆಯೊಳಗೆ ಪ್ರವೇಶಿಸುತ್ತವೆ. ತನಗೆ ಅರಿವಿಲ್ಲದೆ ಚಿತ್ರಕ್ಕೆ ಸಿಕ್ಕವನನ್ನು ಕುರಿತು ‘ಅವನು ಪಟ ತೆಗೆಸಿಕೊಂಡನು’ ಎಂದು ಯಾವ ಕನ್ನಡಿಗನೂ ಹೇಳನು. ಸಮ್ಮತಿಯಿದ್ದ ಚಿತ್ರಕ್ಕೂ ಸಮ್ಮತಿಯಿಲ್ಲದ ಚಿತ್ರಕ್ಕೂ ಇರುವ ಭೇದವನ್ನು ನಮ್ಮ ಭಾಷೆಯು ಕ್ರಿಯಾಪದದಲ್ಲಿಯೇ ಕಾಯ್ದಿರಿಸಿದೆ. ಆ ಭೇದವನ್ನು ನಡತೆಯಲ್ಲಿ ಕಾಯ್ದುಕೊಳ್ಳುವ ಬಗೆ ಹೇಗೆಂಬುದೇ ಪ್ರಕೃತ ವಿಚಾರ.

ಛಾಯಾಚಿತ್ರವು ವಿರಳವಾಗಿದ್ದ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಜನರು ಮಡಿಸಿಟ್ಟ ಬಟ್ಟೆಯನ್ನುಟ್ಟು, ತಲೆ ಬಾಚಿಕೊಂಡು, ಪೇಟೆಯ ಸ್ಟುಡಿಯೋಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ದೂರವಾಣಿಯೊಡನೆ ಕ್ಯಾಮೆರಾ ಇದೆ. ಬೀದಿ, ಸಂತೆ, ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಯಾರು ಯಾರ ಚಿತ್ರವನ್ನು ಯಾವಾಗ ತೆಗೆದರೆಂಬುದು ತಿಳಿಯುವಂತಿಲ್ಲ.

ಕೊಡಗಿನ ಪೂರ್ವದಂಚಿನಲ್ಲಿ, ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿರುವ ತಿತಿಮತಿಯ ಪರಿಸರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸಮೀಪದಲ್ಲಿ ಮತ್ತಿಗೋಡಿನ ಆನೆ ಶಿಬಿರವಿದೆ. ಮಾವುತರ ಹಾಗೂ ಕಾವಾಡಿಗರ ಸಂಸಾರಗಳಿವೆ. ಆನೆಯ ಚಿತ್ರವನ್ನು ತೆಗೆದರೆ ಯಾರೂ ಆಕ್ಷೇಪಿಸರು. ಆದರೆ ಅದೇ ಯಂತ್ರವು ಮನೆಯ ಮುಂದೆ ಕುಳಿತ ತಾಯಿಯ ಕಡೆಗೆ, ಅರೆಬಟ್ಟೆಯ ಮಗುವಿನ ಕಡೆಗೆ ಹೊರಳಿದಾಗ, ಆನೆಗೂ ಮನುಷ್ಯರಿಗೂ ನಡುವಣ ಅಂತರವು ನೋಡುವವನ ಮನಸ್ಸಿನಲ್ಲಿ ಅಳಿಸಿಹೋಗಿದೆಯೆಂದೇ ತಿಳಿಯಬೇಕು.

ಇಲ್ಲಿಗೆ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬವು ಇನ್ನೂ ಸೂಕ್ಷ್ಮವಾದ ದೃಷ್ಟಾಂತ. ಅಂದು ಜೇನುಕುರುಬ, ಎರವ ಮೊದಲಾದ ಗಿರಿಜನರು ವೇಷ ಹಾಕಿ, ಗಂಡಸರು ಹೆಣ್ಣುಡುಗೆ ತೊಟ್ಟು, ಎದುರಾದವರನ್ನೆಲ್ಲ ಬೈಯುತ್ತ ಕುಣಿಯುತ್ತ ಹಣ ಬೇಡುತ್ತಾರೆ. ಬೇಟೆಗೆಂದು ಕರೆದೊಯ್ದು ನಡುದಾರಿಯಲ್ಲಿ ಕೈಬಿಟ್ಟ ದೇವರಿಗೂ ಬೈಗುಳ ತಪ್ಪುವುದಿಲ್ಲ. ಕೊನೆಗೆ ದೇವಸ್ಥಾನವನ್ನು ಸೇರಿ, ಕಾಣಿಕೆಯೊಪ್ಪಿಸಿ, ತಪ್ಪನ್ನು ಮನ್ನಿಸೆಂದು ಬೇಡುವುದರೊಡನೆ ಹಬ್ಬವು ಮುಗಿಯುತ್ತದೆ. ವರ್ಷವಿಡೀ ತೋಟದಲ್ಲಿ ತಲೆತಗ್ಗಿಸಿ ದುಡಿಯುವವರಿಗೆ ಒಂದು ದಿನದ ಮಟ್ಟಿಗೆ ದೊರೆಯುವ ಬಿಡುಗಡೆ ಅದು. ಅದಕ್ಕೆ ಕಾಲದ ಎಲ್ಲೆಯಿದೆ, ಊರಿನ ಎಲ್ಲೆಯಿದೆ, ಕಡೆಯಲ್ಲಿ ಕ್ಷಮೆಯೂ ಇದೆ. ಛಾಯಾಚಿತ್ರಕ್ಕೆ ಇವು ಮೂರೂ ಇಲ್ಲ. ಸಂಜೆಗೆ ವೇಷ ಕಳಚಿ ಮನೆಗೆ ಹೋದವನ ವೇಷದ ಮುಖವು ಮರುದಿನ ಸಾವಿರಾರು ಅಪರಿಚಿತರ ಕೈಯಲ್ಲಿ ನಗೆಪಾಟಲಾಗಬಹುದು. ಹಬ್ಬದ ಬೈಗುಳವನ್ನು ದೇವರು ಮನ್ನಿಸುತ್ತಾನೆ. ಹಬ್ಬವನ್ನರಿಯದ ನೋಡುಗನು ಮನ್ನಿಸುವುದಿಲ್ಲ. ಆದುದರಿಂದ, ಎಲ್ಲರೆದುರಿಗೆ ನಡೆದದ್ದು ಎಲ್ಲ ಕಾಲಕ್ಕೂ ಎಲ್ಲರ ಸೊತ್ತು ಎಂಬ ವಾದವು ನಿಲ್ಲುವಂಥದಲ್ಲ. ನೋಟವು ಕ್ಷಣದ್ದು, ಚಿತ್ರವು ಉಳಿಯುವಂಥದು. ನೋಟಕ್ಕೆ ಸಿಕ್ಕವನು ಚಿತ್ರಕ್ಕೂ ಒಪ್ಪಿದನೆಂದು ಭಾವಿಸಲಾಗದು.

ಈ ಅರಿವು ಪುರಾಣಕಥೆಗೂ ಹೊರತಲ್ಲ. ಉಷೆಯು ಕನಸಿನಲ್ಲಿ ಕಂಡ ತರುಣನನ್ನು ಗುರುತಿಸಲೆಂದು ಸಖಿಯಾದ ಚಿತ್ರಲೇಖೆಯು ರಾಜಕುಮಾರರ ಚಿತ್ರಗಳನ್ನೆಲ್ಲ ಬರೆದು ತೋರಿಸುತ್ತಾಳೆ. ದ್ವಾರಕೆಯಲ್ಲಿದ್ದ ಅನಿರುದ್ಧನಿಗೆ ಇದರ ಸುಳಿವೇ ಇಲ್ಲ. ಚಿತ್ರದಿಂದ ಗುರುತು ಸಿಕ್ಕಿತು. ಮಲಗಿದ್ದವನು ಮಲಗಿದ್ದಂತೆಯೇ ಶೋಣಿತಪುರಕ್ಕೆ ಒಯ್ಯಲ್ಪಟ್ಟನು. ಸೆರೆಯೂ ಯುದ್ಧವೂ ಹಿಂಬಾಲಿಸಿದವು. ಪ್ರೇಮಕಥೆಯೆಂದು ಓದುವ ಈ ವೃತ್ತಾಂತದಲ್ಲಿ, ಚಿತ್ರವು ಕೈಗೆ ಸಿಕ್ಕರೆ ವ್ಯಕ್ತಿಯೂ ಸಿಕ್ಕಂತೆಯೇ ಎಂಬ ಎಚ್ಚರಿಕೆಯೂ ಅಡಗಿದೆ.

ಚರಿತ್ರೆಯಲ್ಲಿ ಇದಕ್ಕೆ ಕಹಿಯಾದ ಸಾಕ್ಷ್ಯವಿದೆ. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಲಂಡನ್ನಿನಲ್ಲಿ ಪ್ರಕಟವಾದವು. 1909ರಲ್ಲಿ ಎಡ್ಗರ್ ಥರ್ಸ್ಟನ್ನನು ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಏಳು ಸಂಪುಟಗಳನ್ನು ಹೊರತಂದನು. ಇಂಥ ಗ್ರಂಥಗಳ ಅನೇಕ ಚಿತ್ರಗಳ ಕೆಳಗೆ ಕುಲದ ಹೆಸರಿದೆ, ಮನುಷ್ಯನ ಹೆಸರಿಲ್ಲ. ಮಾಹಿತಿಯ ದೃಷ್ಟಿಯಿಂದ ಅವು ಅಮೂಲ್ಯವೇ ಸರಿ. ಆದರೆ ಅಲ್ಲಿ ನಿಂತವರು ಪಟ ತೆಗೆಸಿಕೊಂಡವರೋ, ನಿಲ್ಲಿಸಲ್ಪಟ್ಟವರೋ ಎಂಬ ಸಂದೇಹವು ಓದುಗನನ್ನು ಬಿಡದು.

ಇನ್ನು ಶಾಸನದ ಸ್ಥಿತಿ. ಸಾರ್ವಜನಿಕ ಸ್ಥಳದಲ್ಲಿ ಅಪರಿಚಿತರ ಚಿತ್ರ ತೆಗೆಯುವುದನ್ನು ಒಟ್ಟಾಗಿ ನಿಷೇಧಿಸುವ ಕಾಯಿದೆ ಭಾರತದಲ್ಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಇಂಥ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವನದು, ಚಿತ್ರದಲ್ಲಿರುವವನದಲ್ಲ. ಸ್ತ್ರೀಯ ಖಾಸಗಿ ಕ್ರಿಯೆಗಳನ್ನು ಕದ್ದು ನೋಡುವುದನ್ನೂ ಚಿತ್ರಿಸುವುದನ್ನೂ 2013ರಲ್ಲಿ ದಂಡಸಂಹಿತೆಗೆ ಸೇರಿಸಿ ಅಪರಾಧವೆನಿಸಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿ ಅದು ಮುಂದುವರಿದಿದೆ. ಎಲ್ಲಕ್ಕೂ ಮಿಗಿಲಾದದ್ದು 2017ರ ಆಗಸ್ಟ್ 24ರ ತೀರ್ಪು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಈ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ವ್ಯಕ್ತಿಯು ತನ್ನ ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲವೆಂಬ ತತ್ತ್ವವೂ ಆ ತೀರ್ಪಿನಲ್ಲಿದೆ. ಏಕಾಂತವು ಗೋಡೆಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು ಎಂಬುದು ಇದರ ತಾತ್ಪರ್ಯ.

ತತ್ತ್ವವು ಸ್ಪಷ್ಟವಾದರೂ ವ್ಯವಹಾರವು ಹಿಂದೆ ಬಿದ್ದಿದೆ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಪ್ರಯಾಣಿಸುವ ಸ್ತ್ರೀಯರ ಚಿತ್ರಗಳನ್ನು ಅವರಿಗೆ ಅರಿವಿಲ್ಲದೆ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಪ್ರಕಟಿಸಿದ ಖಾತೆಯೊಂದರ ಮೇಲೆ 2025ರ ಮೇ ತಿಂಗಳಲ್ಲಿ ಪೊಲೀಸರು ಮೊಕದ್ದಮೆ ದಾಖಲಿಸಬೇಕಾಯಿತು. ಆ ಸ್ತ್ರೀಯರು ಮಾಡುತ್ತಿದ್ದುದು ಪ್ರಯಾಣವನ್ನು ಮಾತ್ರ.

ಹಾಗೆಂದು ಎಲ್ಲ ಚಿತ್ರಗಳನ್ನೂ ದೂಷಿಸುವುದು ಅವಿವೇಕ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಅಲ್ಲಿಯ ದುರಂತವನ್ನು ನಾಡಿನ ಕಣ್ಣಿಗೆ ತಂದವು ಛಾಯಾಚಿತ್ರಗಳೇ. ಅನ್ಯಾಯಕ್ಕೆ ಸಾಕ್ಷಿಯಾಗುವ ಚಿತ್ರಕ್ಕೆ ಅನ್ಯಾಯ ಮಾಡಿದವನ ಅಪ್ಪಣೆ ಬೇಕಿಲ್ಲ. ಜಾತ್ರೆಯ ಜನಸಾಗರವನ್ನು ಚಿತ್ರಿಸುವವನು ಪ್ರತಿಯೊಬ್ಬರನ್ನೂ ಕೇಳುತ್ತ ಹೋಗುವುದೂ ಸಾಧ್ಯವಿಲ್ಲ. ಘಟನೆಯನ್ನು ತೋರಿಸುವುದು ಬೇರೆ, ಒಬ್ಬ ವ್ಯಕ್ತಿಯನ್ನು ಆರಿಸಿ ತೋರಿಸುವುದು ಬೇರೆ. ಒಂದು ಮುಖವನ್ನೇ ಗುರಿಯಿಟ್ಟು ತೆಗೆಯುವಾಗ ಆ ಮುಖದ ಒಡೆಯನನ್ನು ಕೇಳುವುದು ಧರ್ಮ. ಕೇಳಲು ಅವಕಾಶವಿಲ್ಲದಿದ್ದರೆ, ಚಿತ್ರವನ್ನು ಕಂಡು ಅವನು ತಲೆತಗ್ಗಿಸುವಂತಾಗುವುದೋ ಎಂದು ಯೋಚಿಸುವುದು ಧರ್ಮ.

ಈ ವಿವೇಕಕ್ಕೆ ವಿದ್ಯಾಸಂಸ್ಥೆಗಳೂ ದಾನಿಗಳೂ ಹೊರಗಿನವರಲ್ಲ. ಬಡ ವಿದ್ಯಾರ್ಥಿಗೆ ಪುಸ್ತಕವನ್ನೋ ಸಮವಸ್ತ್ರವನ್ನೋ ನೀಡುವ ಸಮಾರಂಭದಲ್ಲಿ ಮಗುವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ನಿಲ್ಲಿಸುವುದು ಎಲ್ಲೆಡೆ ರೂಢಿಯಾಗಿದೆ. ಉದ್ದೇಶವು ಒಳ್ಳೆಯದೇ, ದಾನದ ವಿವರವು ದಾಖಲಾಗಲೂಬೇಕು. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆಯಿರುವ ನಾಡಿನಲ್ಲಿ, ತೆಗೆದುಕೊಂಡವನ ಮುಖವು ಊರಿಗೆಲ್ಲ ತಿಳಿಯಬೇಕೆ? ಬೇಡವೆನ್ನುವ ಸ್ವಾತಂತ್ರ್ಯ ಆ ಮಗುವಿಗಿಲ್ಲ. ಏಕೆಂದರೆ ಅದರ ಕೈಯಲ್ಲಿ ಆಗತಾನೆ ಕೊಟ್ಟ ಪುಸ್ತಕವಿದೆ. ಮುಂದೆ ಅದು ಬೆಳೆದು ಅಧಿಕಾರಿಯೋ ಅಧ್ಯಾಪಕನೋ ಆದಾಗಲೂ ಆ ಚಿತ್ರವು ಉಳಿದಿರುತ್ತದೆ. ಅದೇ ಮಗು ಓಟದಲ್ಲಿ ಗೆದ್ದ ದಿನ ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಆ ದಿನದ ಚಿತ್ರವೇ ನಿಜವಾಗಿ ‘ತೆಗೆಸಿಕೊಂಡ’ ಚಿತ್ರ. ಸಂಸ್ಥೆಯ ಸಂಪುಟದಲ್ಲಿ ಉಳಿಯಬೇಕಾದದ್ದು ಅದು.