ಮಕ್ಕಳ ಮುಷ್ಟಿ

ಅಕ್ಕಂದಿರೇ, ಅಣ್ಣಂದಿರೇ, ಬಲಗೈ ಮುಷ್ಟಿ ಕಟ್ಟಿರಿ. ಎಡಗೈಯಿಂದ ಬಲ ಮೊಣಕೈಯ ಕೆಳಗೆ ಹಿಡಿಯಿರಿ. ಮುಷ್ಟಿ ಬಿಗಿ ಮಾಡಿರಿ, ಸಡಿಲ ಬಿಡಿರಿ. ಒಳಗೆ ಏನೋ ಉಬ್ಬುತ್ತದೆ, ಇಳಿಯುತ್ತದೆ. ಅದೇ ಸ್ನಾಯು. ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿ ಇವೆ. ಅಲ್ಲಿಂದ ಹುರಿಯಂಥ ಗಟ್ಟಿ ಎಳೆಗಳು ಬೆರಳಿನ ತನಕ ಹೋಗುತ್ತವೆ. ಮೇಲೆ ಹಗ್ಗ ಜಗ್ಗಿದರೆ ಬಾವಿಯ ಕೊಡ ಏಳುತ್ತದಲ್ಲ, ಹಾಗೆ.

ಮಣಿಕಟ್ಟಿನಲ್ಲಿ 8 ಸಣ್ಣ ಎಲುಬು ಇವೆ. ಹುಟ್ಟಿದ ಕೂಸಿನಲ್ಲಿ ಇವು ಕಿವಿಯ ಮೇಲ್ಭಾಗದಂತೆ ಮೆತ್ತಗೆ ಇರುತ್ತವೆ. ಆಮೇಲೆ ಒಂದೊಂದಾಗಿ ಗಟ್ಟಿಯಾಗುತ್ತವೆ. 1ನೇ ಇಯತ್ತೆಯ ಮಗುವಿನಲ್ಲಿ ಈ ಕೆಲಸ ಮುಗಿದಿರುವುದಿಲ್ಲ. ಕೊನೆಯ ಎಲುಬು ಗಟ್ಟಿಯಾಗಲು ಶುರುವಾಗುವುದು 9ರಿಂದ 12 ವರ್ಷದ ಸುಮಾರಿಗೆ. ಹೆಣ್ಣುಮಕ್ಕಳಲ್ಲಿ ತುಸು ಬೇಗ.

ಆದ್ದರಿಂದ 6 ವರ್ಷದ ಹುಡುಗ ನಾಲ್ಕು ಸಾಲು ಬರೆದು "ಅವ್ವಾ, ಕೈ ನೋಯಾಕತ್ತೈತಿ" ಅಂದರೆ ಅವನು ಮೈಗಳ್ಳ ಅಲ್ಲ. ಹೊಡೆಯಬೇಡಿರಿ. ಸ್ವಲ್ಪ ಬಿಟ್ಟು ಮತ್ತೆ ಬರೆಯಲಿ. ಎಡಗೈಯಿಂದ ಬರೆಯುವ ಮಗುವಿನ ಕೈ ಬದಲಿಸಬೇಡಿರಿ.

ನಮ್ಮ ರಾತ್ರಿ ವರ್ಗದಲ್ಲಿ ಬಹಳ ಮಂದಿ ಹೇಳುತ್ತಾರೆ: "ಕುಡುಗೋಲು ಹಿಡಿದ್ರ ಸಂಜೀತನ ದಣಿಯಂಗಿಲ್ರಿ, ಪೆನ್ಸಿಲ್ ಹಿಡಿದ್ರ ಅರ್ಧ ತಾಸಿಗೆ ಕೈ ಸೋಲ್ತೈತ್ರಿ." ಖರೇ ಮಾತು. ಬಲ ಬೇರೆ, ಬೆರಳಿನ ಹದ ಬೇರೆ. ಮಕ್ಕಳಿಗೆ ಎರಡೂ ಬೇಕು. ಎರಡೂ ಆಟದಲ್ಲೇ ಬರುತ್ತವೆ. ಮಣ್ಣೆತ್ತಿನ ಅಮಾಸಿಗೆ ಎರಿಮಣ್ಣು ನಾದಿ ಎತ್ತು ಮಾಡುವುದು, ಗೋಲಿ, ಐದು ಕಲ್ಲಿನ ಆಟ, ಹಗ್ಗ ಜಗ್ಗುವುದು, ಗಿಡ ಹತ್ತುವುದು, ಶೇಂಗಾ ಸುಲಿಯುವುದು. ಇಷ್ಟಕ್ಕೆ ರೊಕ್ಕ ಬೇಕಿಲ್ಲ. ತುಂಬಿದ ಕೊಡ ಹೊರಿಸಿದರೆ ಕೈ ಗಟ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ. ಅದು ಆಟವಲ್ಲ, ಎಳೆಯ ಕುತ್ತಿಗೆ, ಬೆನ್ನಿಗೆ ಭಾರ.

ಮುಷ್ಟಿಯ ಬಲ ಅಳೆಯುವ ಸಣ್ಣ ಯಂತ್ರ ಇದೆ. ಹಿಡಿಕೆ ಹಿಸುಕಿದರೆ ಕಿಲೋ ಲೆಕ್ಕದಲ್ಲಿ ಮುಳ್ಳು ತೋರಿಸುತ್ತದೆ. ಎತ್ತರ, ತೂಕ ಏರಿದಂತೆ ಈ ಬಲವೂ ಏರುತ್ತದೆ. ಶಾಲೆಗೆ ಹೋಗುವ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ, 2ರಿಂದ 3 ಕಿಲೋ ಏರುತ್ತದೆ. ವರ್ಷವಾದರೂ ಹಳೆಯ ಅಂಗಿ ಹಾಗೇ ಸರಿ ಬರುತ್ತಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.

ನಾಲಿಗೆ, ಉಗುರು, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡರೆ ರಕ್ತ ಕಡಿಮೆ ಇರಬಹುದು. ಅಂಥ ಮಗು ಬೇಗ ದಣಿಯುತ್ತದೆ. ಸಜ್ಜೆ ರೊಟ್ಟಿ, ಬೇಳೆ, ಶೇಂಗಾ, ಸೊಪ್ಪು ಕೊಡಿರಿ, ಮೇಲೆ ಲಿಂಬೆ ಹಿಂಡಿರಿ. ಊಟದ ಬೆನ್ನಿಗೇ ಚಹಾ ಬೇಡ, ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. 5ರಿಂದ 9 ವರ್ಷದವರಿಗೆ ಸರಕಾರಿ ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಗುಳಿಗೆ ಇದೆ. ಜಂತುಹುಳದ ಗುಳಿಗೆಯೂ ಇದೆ. ಮಧ್ಯಾಹ್ನದ ಊಟದಲ್ಲಿ 1ರಿಂದ 5ನೇ ಇಯತ್ತೆಯ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ ಎಂದು ನಿಯಮವಿದೆ. ಇವೆಲ್ಲ ಸಿಗುತ್ತವೆಯೇ ಎಂದು ಮಾಸ್ತರರನ್ನು ಕೇಳಿರಿ. ಕೇಳಲು ಅಂಜಬೇಡಿರಿ.

ಜತ್ತ ಕಡೆಯವರು ಅನೇಕರು ದೀಪಾವಳಿ ಸುಮಾರಿಗೆ ಕಬ್ಬು ಕಡಿಯಲು ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೊರಡುತ್ತಾರೆ. ಬೆಳೆಯುವ ವರ್ಷದಲ್ಲಿ ಐದಾರು ತಿಂಗಳು ಊಟ, ಗುಳಿಗೆ, ಬರಹ ಮೂರೂ ತಪ್ಪುತ್ತವೆ. ಅಜ್ಜಿಯ ಹತ್ತಿರ ಬಿಟ್ಟು ಹೋಗುವುದಾದರೆ ಒಳ್ಳೆಯದು. ಆಗದಿದ್ದರೆ ಹೋದ ಊರಿನ ಶಾಲೆಗೆ ಹಚ್ಚಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವನ್ನು "ದಾಖಲೆ ತಂದಿಲ್ಲ" ಎಂದು ಸರಕಾರಿ ಶಾಲೆ ಹಿಂದೆ ಕಳಿಸುವಂತಿಲ್ಲ. ಅಲ್ಲಿ ಕನ್ನಡ ಶಾಲೆ ಸಿಗಲಿಕ್ಕಿಲ್ಲ. ಮರಾಠಿ ಶಾಲೆಯಲ್ಲಿಯೂ ಊಟ ಇದೆ, ಗುಳಿಗೆ ಇದೆ, ಪಾಟಿ ಇದೆ.

ಓದಿರಿ, ನೋಡಿ ಬರೆಯಿರಿ: ಮುಷ್ಟಿ, ಮುಂಗೈ, ಮಣಿಕಟ್ಟು, ಸ್ನಾಯು, ಎಲುಬು, ರಕ್ತ, ಗುಳಿಗೆ.

ಮನೆಯಲ್ಲಿ ಮಾಡಿರಿ: ಮಗುವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿರಿ. ತಲೆಯ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ಮಗುವಿನ ಹೆಸರು, ಇಂದಿನ ತಾರೀಖು ನಿಮ್ಮ ಕೈಯಿಂದಲೇ ಬರೆಯಿರಿ. ಆರು ತಿಂಗಳ ಮೇಲೆ ಇನ್ನೊಂದು ಗೆರೆ ಎಳೆದು, ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಿರಿ.