ಪಕ್ಕದಲ್ಲಿ ಕೂರುವವರು ಬೇಕು

ನೋಡಿ ಮಕ್ಕಳೇ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮಲಗಿದ ಹೃದ್ರೋಗಿಯ ಇಸಿಜಿಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರು ಕೂತಲ್ಲಿಂದಲೇ ನೋಡಿ ಸಲಹೆ ಹೇಳುವ ಏರ್ಪಾಡು ಈ ಶತಮಾನದ ಆರಂಭದಲ್ಲೇ ಆಗಿತ್ತು. ಇಸ್ರೋ ಉಪಗ್ರಹದ ಸಂಪರ್ಕ ಕೊಟ್ಟಿತ್ತು. ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಅದು ಸಿಕ್ಕಿತ್ತು. ಅಂದು ಅದಕ್ಕೆ ಆಕಾಶದಲ್ಲೊಂದು ಉಪಗ್ರಹವೇ ಬೇಕಾಯಿತು. 2020ರ ಏಪ್ರಿಲ್‌ನಲ್ಲಿ, ಮನೆಯಿಂದಲೇ ವೈದ್ಯರನ್ನು ವಿಡಿಯೊದಲ್ಲಿ ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿ ಒಪಿಡಿ ಶುರುವಾದ ಮೇಲೆ ನಿಮ್ಮ ಜೇಬಿನ ಮೊಬೈಲೇ ಸಾಕು.

ಆದರೆ ಅಜ್ಜಿ ತಾನಾಗಿ ಅದರ ಆ್ಯಪ್ ತೆರೆಯುವುದಿಲ್ಲ. ಒಟಿಪಿ ಎಂದರೆ ಬ್ಯಾಂಕಿನ ದುಡ್ಡು ಹೋದೀತೆಂದು ಹೆದರುತ್ತಾಳೆ, ಆ ಹೆದರಿಕೆ ಸುಳ್ಳೂ ಅಲ್ಲ. ಬಿಪಿ, ಶುಗರ್ ಮಾತ್ರೆ ಬದಲಿಸಬೇಕೇ ಎಂದು ಕೇಳುವುದಕ್ಕಾಗಿ ಮನೆಯವರೊಬ್ಬರು ದಿನದ ಕೂಲಿ ಬಿಟ್ಟು, ಅವಳನ್ನು ಬಸ್ಸು ಹತ್ತಿಸಿ, ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ತಪ್ಪಬೇಕಾದರೆ ನೀವು ಅವಳ ಪಕ್ಕ ಕೂರಬೇಕು. ನಾನು ನಿಮ್ಮಲ್ಲಿ ಬೇಡುವುದು ಇದನ್ನೇ.

ಕೂರುವುದಕ್ಕೂ ಒಂದು ರೀತಿ ಇದೆ. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳು ಕರೆಗೆ ಮೊದಲೇ ಕೈಗೆ ಸಿಗುವಂತಿರಲಿ. ಬಾಗಿಲ ಬೆಳಕು ಅವಳ ಮುಖದ ಮೇಲೆ ಬೀಳಲಿ. ಡಾಕ್ಟರು "ಎಲ್ಲಿ ನೋವಮ್ಮಾ?" ಎಂದಾಗ ನೀವು ಬಾಯಿ ಹಾಕಬೇಡಿ, ತಡವರಿಸಿದರೂ ಅವಳೇ ಹೇಳಲಿ. ವೈದ್ಯರಿಗೆ ಬೇಕಾದ ಸುಳಿವು ಎಷ್ಟೋ ಸಲ ಆ ತಡವರಿಕೆಯಲ್ಲೇ ಇರುತ್ತದೆ. ಅಕ್ಕನೋ ಅತ್ತಿಗೆಯೋ ಮುಟ್ಟಿನ ತೊಂದರೆ ಹೇಳಿಕೊಳ್ಳುವುದಾದರೆ ಕರೆ ಜೋಡಿಸಿಕೊಟ್ಟು ಹೊರಗೆ ಬನ್ನಿ. ರೆಕಾರ್ಡಿಂಗ್, ಸ್ಕ್ರೀನ್‌ಶಾಟ್ ಬೇಡವೇ ಬೇಡ. ಕಿವಿಗೆ ಬಿದ್ದದ್ದನ್ನು ಅರಳಿಕಟ್ಟೆಯಲ್ಲಿ ಆಡಿದಿರೋ, ಆಮೇಲೆ ಊರಿನ ಒಬ್ಬ ಹೆಣ್ಣುಮಗಳೂ ಆ ಪರದೆಯ ಮುಂದೆ ಬಾಯಿ ಬಿಡುವುದಿಲ್ಲ.

ಎದೆನೋವು, ಹಾವು ಕಡಿತ, ಹೆರಿಗೆ ನೋವು ಎಂದರೆ ವಿಡಿಯೊ ಹಿಡಿದು ಕೂರಬೇಡಿ, 108ಕ್ಕೆ ಕರೆ ಮಾಡಿ.

ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರುಗಳು ಮಲೆನಾಡಿನಲ್ಲಿ ಇನ್ನೂ ಇವೆ. ಅಂಥ ಕಡೆ ಹತ್ತಿರದ ಆರೋಗ್ಯ ಉಪಕೇಂದ್ರಕ್ಕೆ ಕರೆದೊಯ್ಯಿರಿ. ಸಮುದಾಯ ಆರೋಗ್ಯ ಅಧಿಕಾರಿ ಇರುವಲ್ಲಿ ಅವರೇ ಬಿಪಿ ನೋಡಿ, ರೋಗಿಯ ಪಕ್ಕ ಕೂತು ವೈದ್ಯರನ್ನು ಪರದೆಯ ಮೇಲೆ ಕರೆಸುತ್ತಾರೆ. ಪಂಚಾಯಿತಿಯವರೆಗೆ ಭಾರತ್‌ನೆಟ್ ಕೇಬಲ್ ಬಂದಿದ್ದೂ ಇಂಟರ್‌ನೆಟ್ ನಡೆಯದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದು ಸರಿಯಾದರೆ ಅಡಿಕೆಗೆ ಎಲೆಚುಕ್ಕೆ ಬಿದ್ದಾಗ ಕೃಷಿ ವಿಜ್ಞಾನ ಕೇಂದ್ರದವರಿಗೆ ಸೋಗೆಯನ್ನು ತೋಟದಿಂದಲೇ ತೋರಿಸಿ ಮಾತಾಡಲೂ ಆದೀತು. ನೀವು ಕೇಳದಿದ್ದರೆ ಕೇಳುವವರು ಯಾರು? ವಯಸ್ಸಾದ ನಮಗೆ ಏನು ಕೆಟ್ಟಿದೆ ಎಂದು ಹೇಳಲೂ ಗೊತ್ತಾಗುವುದಿಲ್ಲ.

ನಿಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಪೇಟೆ ಸೇರಿ ಒಂಟಿಯಾಗಿರುವ ಹಿರಿಯರು ಯಾರಿದ್ದಾರೆಂದು ನಿಮಗೆ ಗೊತ್ತೇ ಇದೆ. ಈ ವಾರವೇ ಅವರ ಮನೆಗೆ ಹೋಗಿ, ಔಷಧಿ ಚೀಟಿ ಕೇಳಿ ನೋಡಿ.