ಹಿತ್ತಿಲಲ್ಲಿ ಕೊಟ್ಟಿಗೆ ಕಟ್ಟುವ ಮೊದಲು

(ರೈತರ ಕೂಟದಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕೊಟ್ಟಿಗೆಯ ಮಾತನ್ನು ಅವರು ಎತ್ತಲಿಲ್ಲ. ಆದುದರಿಂದಲೋ ಏನೋ, ಹಿತ್ತಿಲಲ್ಲಿ ನಾಲ್ಕು ಕಂಬ ನೆಟ್ಟು ಶೀಟು ಹೊದಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ತಪ್ಪು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ಆಕಳು, ಒಂದು ಎಮ್ಮೆ ಇರುವ ಒಬ್ಬ ರೈತನು ಸಂಘದಲ್ಲಿ ಸಾಲ ತೆಗೆದು ಹಿತ್ತಿಲ ಅಂಚಿಗೆ ಕೊಟ್ಟಿಗೆ ಕಟ್ಟಿದನೆನ್ನಿ. ಮಾಡು ಹೊದಿಸಿದ ಮೇಲೆ ಪಕ್ಕದವರು ಅಳತೆ ಮಾಡಿಸಿದರು. ಗೋಡೆ ಎರಡು ಅಡಿ ಬಂಡಿದಾರಿಗೆ ಬಂದಿದೆ; ಮಾಡಿನ ಮೇಲೆಯೇ ವಿದ್ಯುತ್ ತಂತಿ ಹಾದುಹೋಗಿದೆ. ಈಗ ಗೋಡೆ ಕೆಡವಬೇಕು, ಸಾಲವನ್ನೂ ತೀರಿಸಬೇಕು, ನೆರೆಯವರೊಡನೆ ಮಾತೂ ನಿಂತಿತು. ಅವನು ಒಂದು ತಿಂಗಳು ಮೊದಲೇ ವಿಚಾರಿಸಿದ್ದರೆ ಸುಣ್ಣದ ಗೆರೆಯನ್ನು ಸ್ವಲ್ಪ ಈಚೆಗೆ ಎಳೆದಿದ್ದರೆ ಸಾಕಾಗಿತ್ತು. ನೆಲದ ಮೇಲಿನ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಬಹುದು, ಎದ್ದ ಗೋಡೆಯನ್ನು ಅಳಿಸಲಾಗದು. ಈ ಪಾಠದ ಸಾರವೆಲ್ಲ ಇಷ್ಟೇ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣದ ಪ್ರಕಾರ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಹೊಸ ಕಟ್ಟಡ ಕಟ್ಟಕೂಡದು; ಇರುವ ಕಟ್ಟಡವನ್ನು ಬೆಳೆಸಲೂಕೂಡದು. ಕಟ್ಟಡವೆಂದರೆ ಮನೆಯೊಂದೇ ಅಲ್ಲ. ಕೊಟ್ಟಿಗೆ, ಷೆಡ್ಡು, ಗುಡಿಸಲು ಇವೂ ಆ ಮಾತಿನಲ್ಲಿ ಸೇರುತ್ತವೆ. ಅನುಮತಿಯಿಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸಲು ಅಥವಾ ಕಟ್ಟಿದ್ದನ್ನು ತೆಗೆಯಲು ನೋಟೀಸು ಕೊಡುವ ಅಧಿಕಾರ ಪಂಚಾಯಿತಿಗೆ ಉಂಟು. ಆದುದರಿಂದ ಗುದ್ದಲಿ ಹಿಡಿಯುವ ಮುನ್ನ ನಮ್ಮನ್ನು ನಾವೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

1. ನೆಲ ಯಾವುದು?

ಊರೊಳಗಿನ ಗ್ರಾಮಠಾಣಾ ನೆಲ ಒಂದು ಬಗೆ. ಸರ್ವೆ ನಂಬರಿನ ಹೊಲ ಇನ್ನೊಂದು ಬಗೆ. ಮನೆಯ ಹಿಂದೆಯೇ ಇದ್ದರೂ ನಿಮ್ಮ ಹಿತ್ತಿಲು ಎಲ್ಲವೂ ಗ್ರಾಮಠಾಣಾಕ್ಕೆ ಸೇರಿರಬೇಕೆಂದಿಲ್ಲ. ಅರ್ಧ ಹಿತ್ತಿಲು ಗ್ರಾಮಠಾಣಾದಲ್ಲಿದ್ದು ಉಳಿದರ್ಧ ಹೊಲದ ನಂಬರಿನಲ್ಲಿರುವುದು ಎಷ್ಟೋ ಊರುಗಳಲ್ಲಿ ಕಂಡುಬರುತ್ತದೆ.

ಗ್ರಾಮಠಾಣಾದ ಸ್ವತ್ತಿಗೆ ಪಂಚಾಯಿತಿಯ ದಾಖಲೆ ನೋಡಬೇಕು. ಇ-ಸ್ವತ್ತು ಬಂದ 2013ರಿಂದ ಇದು ಗಣಕಯಂತ್ರದಲ್ಲಿ ನಮೂನೆ 9 ಮತ್ತು 11ರ ರೂಪದಲ್ಲಿ ದೊರೆಯುತ್ತಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ನಿಂದ ಅಳೆದ ಊರುಗಳಲ್ಲಿ ಆಸ್ತಿ ಕಾರ್ಡನ್ನೂ ಕೊಡಲಾಗುತ್ತಿದೆ. ಹೊಲಕ್ಕಾದರೆ ಪಹಣಿ ಮತ್ತು ಸರ್ವೆ ನಕ್ಷೆ ಬೇಕು. ಪಹಣಿಯಲ್ಲಿ ಖರಾಬಿನ ಕಲಂ ಅನ್ನು ಮರೆಯದೆ ಓದಿರಿ. ‘ಅ’ ಖರಾಬೆಂದರೆ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬೆಂದರೆ ದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕರ ನೆಲ. ಅದು ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ. ಅಲ್ಲಿ ಒಂದು ಗೂಟವನ್ನೂ ನೆಡಬಾರದು. ಎಲ್ಲೆಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಪಕ್ಕದವರ ಎದುರಿನಲ್ಲೇ ಅಳತೆ ಮಾಡಿಸಿಕೊಳ್ಳಿರಿ.

2. ಉಪಯೋಗ ಏನು?

ಹೊಲದಲ್ಲಿ ಕಟ್ಟುವವರು ಇದನ್ನು ಚೆನ್ನಾಗಿ ತಿಳಿಯಬೇಕು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣವು ಸಾಗುವಳಿಗೆ ಅನುಕೂಲವಾದ ಕಟ್ಟಡ, ಬಾವಿ, ತೊಟ್ಟಿಗಳನ್ನು ತನ್ನ ಜಮೀನಿನಲ್ಲಿ ಮಾಡಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ನೇಗಿಲು, ಪಂಪು, ಗೊಬ್ಬರ, ಮೇವು ಇಡುವ ಷೆಡ್ಡಿಗೆ ಭೂಪರಿವರ್ತನೆ ಬೇಕಾಗುವುದಿಲ್ಲ. ತೋಟದ ಮನೆಯನ್ನೂ ಸ್ವಂತ ವಾಸಕ್ಕೆ ಕಟ್ಟಿಕೊಳ್ಳಬಹುದು. ಆದರೆ ಅದು ಹಿಡುವಳಿಯ ನೂರಕ್ಕೆ 10 ಪಾಲನ್ನು ಮೀರಬಾರದು, ನಿಯಮಗಳು ಗೊತ್ತುಪಡಿಸಿದ ಮಿತಿಯನ್ನೂ ದಾಟಬಾರದು. ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡಲೂಬಾರದು. ಎರಡು ಎಕರೆ, ಅಂದರೆ 80 ಗುಂಟೆ ಇದ್ದವರಿಗೆ ನೂರಕ್ಕೆ 10 ಎಂದರೆ 8 ಗುಂಟೆಯಾಯಿತು.

ಅದೇ ಷೆಡ್ಡಿನಲ್ಲಿ ಅಂಗಡಿ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಕೆಲಸ ಇಟ್ಟರೆ, ಅಥವಾ ಅದನ್ನು ಗೋದಾಮಾಗಿ ಬಾಡಿಗೆಗೆ ಕೊಟ್ಟರೆ ಮಾತು ಬೇರೆ. ಆಗ ಜಿಲ್ಲಾಧಿಕಾರಿಗಳ ಪರಿವರ್ತನೆ ಆದೇಶ ಬೇಕು. ತಗಡು ಅದೇ, ಕಂಬ ಅದೇ. ಒಳಗೆ ನಡೆಯುವ ಕೆಲಸ ಬದಲಾದರೆ ಕಾನೂನೂ ಬದಲಾಗುತ್ತದೆ. ಪರಿವರ್ತನೆ ಬೇಡವೆಂದ ಮಾತ್ರಕ್ಕೆ ಪಂಚಾಯಿತಿಯನ್ನು ಕೇಳುವುದು ತಪ್ಪಲಿಲ್ಲ ಎಂಬುದನ್ನೂ ನೆನಪಿಡಿರಿ.

ಪಟ್ಟಣದ ಸುತ್ತಿನ ಹಳ್ಳಿಗಳವರಿಗೆ ಇನ್ನೊಂದು ಮಾತು. ನಿಮ್ಮ ಊರು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದರೆ, ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ನಿಮ್ಮ ನೆಲ ಕೃಷಿ ವಲಯವೋ, ವಾಸದ ವಲಯವೋ, ಮುಂದೆ ರಸ್ತೆಗೆಂದು ಗುರುತಿಸಿದ್ದೋ ಎಂದು ಕೇಳಿ ತಿಳಿಯಿರಿ.

3. ಸುತ್ತಮುತ್ತ ಏನಿದೆ?

ಮೊದಲು ತಲೆಯೆತ್ತಿ ನೋಡಿರಿ. ವಿದ್ಯುತ್ ಸುರಕ್ಷತೆಯ ನಿಯಮದಂತೆ ಮನೆಗೆ ಬರುವ ಸಾಧಾರಣ ತಂತಿಯು ಮಾಡಿಗಿಂತ ಕನಿಷ್ಠ 2.5 ಮೀಟರ್ ಮೇಲೆ, ಪಕ್ಕಕ್ಕೆ 1.2 ಮೀಟರ್ ದೂರ ಇರತಕ್ಕದ್ದು. 11 ಕಿಲೋವೋಲ್ಟ್ ತಂತಿಯಾದರೆ ಮೇಲಕ್ಕೆ 3.7 ಮೀಟರ್, ಅಂದರೆ ಸುಮಾರು 12 ಅಡಿ, ಪಕ್ಕಕ್ಕೆ 1.2 ಮೀಟರ್, ಅಂದರೆ 4 ಅಡಿ. ತಗಡಿನ ಮಾಡಿನ ಮೇಲೆ ಹುಲ್ಲು ಒಣಹಾಕಲು ಹತ್ತುವ ಮನೆಯ ಹುಡುಗನನ್ನು ನೆನೆದು ಈ ಲೆಕ್ಕ ಹಾಕಿರಿ. ತಂತಿ ಯಾವ ಬಗೆಯದೆಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ವಿದ್ಯುತ್ ಕಚೇರಿಯಲ್ಲಿ ಕೇಳಿರಿ.

ಆಮೇಲೆ ಕೆಳಗೆ ನೋಡಿರಿ. ಗಂಜಲದ ಗುಂಡಿ, ತಿಪ್ಪೆಗಳು ಕುಡಿಯುವ ನೀರಿನ ಬಾವಿಯಿಂದ 15 ಮೀಟರ್, ಅಂದರೆ 50 ಅಡಿಯಾದರೂ ದೂರವಿರಲಿ, ಬಾವಿಗಿಂತ ತಗ್ಗಿನಲ್ಲಿರಲಿ. ಆ ಬಾವಿ ಪಕ್ಕದವರದಾದರೂ ಮಾತು ಒಂದೇ. ಸೂರಿನ ನೀರು ನಿಮ್ಮ ನೆಲದಲ್ಲೇ ಬೀಳುವಂತೆ ಜಾಗ ಬಿಡಿರಿ. ಹೆದ್ದಾರಿ ಅಥವಾ ಜಿಲ್ಲಾ ರಸ್ತೆಯ ಬದಿಯಾದರೆ ಕಟ್ಟಡದ ಗೆರೆ ಎಲ್ಲಿದೆಯೆಂದು ಲೋಕೋಪಯೋಗಿ ಇಲಾಖೆಯಲ್ಲಿ ವಿಚಾರಿಸಿರಿ.

ಎಷ್ಟು ದೊಡ್ಡದು ಬೇಕು?

ಒಂದು ಆಕಳಿಗೆ ಮಾಡಿನ ಕೆಳಗೆ 3.5 ಚದರ ಮೀಟರ್, ಎಮ್ಮೆಗೆ 4 ಚದರ ಮೀಟರ್ ಸಾಕು. ಮೇಲಿನ ಉದಾಹರಣೆಯ ರೈತನಿಗೆ 11 ಚದರ ಮೀಟರ್, ಸುಮಾರು 120 ಚದರ ಅಡಿ ಆಯಿತು. ಗೋದಲಿ, ಗಂಜಲದ ಮೋರಿ, ಮೇವಿನ ಜಾಗ ಸೇರಿಸಿದರೂ 20 ಅಡಿ ಉದ್ದ, 12 ಅಡಿ ಅಗಲದಲ್ಲಿ ಕೆಲಸ ಮುಗಿಯುತ್ತದೆ. ಬೇಕಾದಷ್ಟೇ ಕಟ್ಟಿದರೆ ಎಲ್ಲೆಯ ಜಗಳವೂ ಕಡಿಮೆ, ಸಾಲವೂ ಕಡಿಮೆ.

ಅರ್ಜಿ ಹಾಕುವ ಬಗೆ

ಬಿಳಿ ಹಾಳೆಯ ಮೇಲೆ ಕೈಯಿಂದಲೇ ಒಂದು ನಕ್ಷೆ ಬರೆಯಿರಿ. ಹಿತ್ತಿಲ ನಾಲ್ಕು ಚಕ್ಕುಬಂದಿ, ಮನೆ, ಬಾವಿ, ದಾರಿ, ತಂತಿ, ಕೊಟ್ಟಿಗೆಯ ಉದ್ದಗಲ, ಎಲ್ಲೆಯಿಂದ ಬಿಟ್ಟ ದೂರ ಎಲ್ಲವನ್ನೂ ಕಾಣಿಸಿರಿ. ಇದರೊಡನೆ ಸ್ವತ್ತಿನ ದಾಖಲೆ ಮತ್ತು ಕಂದಾಯದ ರಸೀತಿ ಇಟ್ಟು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕಾಣಿರಿ. ಅವರು ಕೇಳುವ ನಮೂನೆ, ನಕ್ಷೆ, ಶುಲ್ಕ ಒಪ್ಪಿಸಿ, ತಾರೀಖು ಹಾಕಿದ ಸ್ವೀಕೃತಿಯನ್ನು ಪಡೆದೇ ಮನೆಗೆ ಹೋಗಿರಿ. 64ನೆಯ ಪ್ರಕರಣದಲ್ಲಿ ತೀರ್ಮಾನ ತಿಳಿಸಲು 60 ದಿನಗಳ ಅವಧಿ ಇದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಣಿಕೆ. ಆದರೆ ನಿಯಮ ಮೀರಿ ಕಟ್ಟಲು ಅದು ರಹದಾರಿಯಲ್ಲ. ಸ್ವೀಕೃತಿ ಇಲ್ಲದಿದ್ದರೆ ಆ ದಿನಗಳನ್ನು ಎಲ್ಲಿಂದ ಎಣಿಸುವುದು? ಬಾಯಿಮಾತಿನ ಒಪ್ಪಿಗೆ ಪತ್ರವಾಗುವುದಿಲ್ಲ. ಸಹಾಯಧನ ಕೇಳಿದ್ದರೆ ಮಂಜೂರಾತಿ ಬರುವ ತನಕ ಕೆಲಸ ಆರಂಭಿಸಬೇಡಿ.

ಅನುಮತಿ ಪತ್ರ ಕೈಗೆ ಬಂದ ದಿನ ಪಕ್ಕದ ಮನೆಯವರನ್ನು ಕರೆದು, ಅವರ ಎದುರಿಗೆ ಸುಣ್ಣದ ಗೆರೆ ಹಾಕಿರಿ. ಕಾನೂನು ಇದನ್ನು ಕೇಳುವುದಿಲ್ಲ. ಆದರೆ ಕೊಟ್ಟಿಗೆ ಬಾಳುವಷ್ಟು ಕಾಲವೂ ನೆರೆಹೊರೆ ಬಾಳಬೇಕು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಹಿತ್ತಿಲಿನಲ್ಲಿ ಗ್ರಾಮಠಾಣಾ ಎಲ್ಲಿಗೆ ಮುಗಿಯುತ್ತದೆ? ಹೇಗೆ ತಿಳಿಯುವಿರಿ?
2. ಮೇವಿನ ಷೆಡ್ಡನ್ನು ಅಂಗಡಿ ಮಾಡಿದರೆ ಯಾವ ಅನುಮತಿ ಬೇಕಾಗುತ್ತದೆ?
3. ಮಾಡಿಗೂ 11 ಕಿಲೋವೋಲ್ಟ್ ತಂತಿಗೂ ನಡುವೆ ಮೇಲಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು ಅಂತರವಿರಬೇಕು?
4. ಅರ್ಜಿಯ ಸ್ವೀಕೃತಿಯನ್ನು ಏಕೆ ಜೋಪಾನವಾಗಿಡಬೇಕು?